‘ಅರ್ಧ ಮಾತ್ರೆ ತಗೋ, ಏನೂ ಆಗಲ್ಲ’ ಎನ್ನುವ ಎಲ್ಲರಿಗೂ ಒಂದು ಪತ್ರ

ಪರ್ಸಿನ ಒಳಜೇಬಿನಲ್ಲಿ, ಫ್ರಿಜ್ಜಿನ ಮೇಲಿನ ಬಿಸ್ಕೆಟ್ ಡಬ್ಬಿಯಲ್ಲಿ, ದೇವರ ಗೂಡಿನ ಪಕ್ಕದಲ್ಲಿ ಒಂದು ಸ್ಟ್ರಿಪ್ ಮಾತ್ರೆ ಇಟ್ಟುಕೊಂಡಿರುವ ಚಿಕ್ಕಮ್ಮಂದಿರಿಗೆ, ದೊಡ್ಡಪ್ಪಂದಿರಿಗೆ, ಪಕ್ಕದ ಮನೆ ಆಂಟಿಗೆ, ಹಾಸ್ಟೆಲಿನ ಸೀನಿಯರುಗಳಿಗೆ, ಚೀಟಿ ಕೇಳದೆ ನಾಲ್ಕು ಮಾತ್ರೆ ಕತ್ತರಿಸಿ ಕೊಡುವ ಮೆಡಿಕಲ್ ಶಾಪಿನ ಅಣ್ಣಂದಿರಿಗೆ, ಎಲ್ಲರಿಗೂ ನಮಸ್ಕಾರ.

ಬೈಯುವುದಕ್ಕೆ ಬರೆಯುತ್ತಿಲ್ಲ. ನೀವು ಕೊಡುವುದು ಪ್ರೀತಿಯಿಂದಲೇ ಅಂತ ಗೊತ್ತು. ಎದುರಿಗಿರುವವರು ಚಡಪಡಿಸುವುದನ್ನು ನೋಡಲಾಗದೆ ಕೊಡುತ್ತೀರಿ, ಸುಸ್ತಾದವರಿಗೆ ಒಂದು ಲೋಟ ಕಾಫಿ ಕೊಟ್ಟ ಹಾಗೆ. ‘ಅರ್ಧ ತಗೋ ಸಾಕು, ಒಳ್ಳೆ ನಿದ್ದೆ ಬರುತ್ತೆ, ಏನೂ ಆಗಲ್ಲ.’ ಇದರಲ್ಲಿ ನಿದ್ದೆಯ ಮಾತು ಅರ್ಧ ನಿಜ. ಏನೂ ಆಗಲ್ಲ ಅನ್ನುವುದು ಪೂರ್ತಿ ಸುಳ್ಳು. ಕಾಯಿಲೆಯೇ ಇಲ್ಲದವರ ತಲೆಯೊಳಗೆ ಹೋದ ಆ ಅರ್ಧ ಮಾತ್ರೆ ಏನು ಮಾಡುತ್ತದೆ ಅಂತ ಹೇಳುವುದಕ್ಕೇ ಈ ಪತ್ರ.

ನಾನು ಹದಿನಾಲ್ಕು ವರ್ಷದಿಂದ ಫಾರ್ಮಸಿ ಓದುವ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಈ ಮಾತ್ರೆಗಳ ಬಗ್ಗೆ ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತೇನೆ. ಪರೀಕ್ಷೆಗೆ ಹತ್ತು ಅಂಕದ ಪ್ರಶ್ನೆಯೂ ಕೊಡುತ್ತೇನೆ. ಅಂಥ ನಾನೇ ಚಿಕ್ಕಮ್ಮ ಕೊಟ್ಟ ಮಾತ್ರೆ ತೆಗೆದುಕೊಂಡೆ. ಅದಕ್ಕೇ ಮೊದಲು ನನ್ನ ಕತೆ ಹೇಳಿಬಿಡುತ್ತೇನೆ, ಆಮೇಲೆ ಪಾಠ.

ನಾಲ್ಕು ವರ್ಷದ ಹಿಂದೆ ಅಪ್ಪನಿಗೆ ಬೈಪಾಸ್ ಆಯಿತು. ನಾವು ಶಿವಮೊಗ್ಗದ ಕಡೆಯವರು, ಆಪರೇಷನ್ ಬೆಂಗಳೂರಿನಲ್ಲಿ. ಹಿಂದಿನ ರಾತ್ರಿ ಅಪ್ಪನ ಜೊತೆ ರೂಮಿನಲ್ಲಿ ನಾನಿದ್ದೆ. ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಊಟ ತಂದ ಚಿಕ್ಕಮ್ಮ ನನ್ನ ಮುಖ ನೋಡಿ, ಪರ್ಸಿನಿಂದ ಒಂದು ಮಾತ್ರೆ ತೆಗೆದು ಉಗುರಿನಲ್ಲೇ ಎರಡು ತುಂಡು ಮಾಡಿ ಅರ್ಧ ಕೈಗಿಟ್ಟರು. ಲೊರಾಜೆಪಾಮ್, 2 ಮಿಲಿಗ್ರಾಂ. ಹೆಸರು ಓದಿದೆ. ಏನು ಅಂತ ಗೊತ್ತಿತ್ತು. ಒಂಬತ್ತು ಗಂಟೆಗೆ ನುಂಗಿದೆ. ಹತ್ತಾದರೂ ನಿದ್ದೆ ಬರಲಿಲ್ಲ ಅಂತ ಉಳಿದ ಅರ್ಧವನ್ನೂ ನುಂಗಿದೆ.

ಆಮೇಲೆ ನಡೆದದ್ದು ಅಪ್ಪ ಹೇಳಿ ನನಗೆ ಗೊತ್ತು. ಹನ್ನೊಂದರ ಹೊತ್ತಿಗೆ ಅಪ್ಪನಿಗೆ ಎಚ್ಚರವಾಗಿ ನನ್ನನ್ನು ಎಬ್ಬಿಸಿದರಂತೆ. ನಾನು ಎದ್ದು ಕೂತು ನೀರು ಕೊಟ್ಟೆನಂತೆ. ಮುಕ್ಕಾಲು ಗಂಟೆ ಮಾತಾಡಿದರಂತೆ, ಮನೆ ಪತ್ರ, ಅಣ್ಣನ ಸಾಲ, ಅಮ್ಮನ ವಿಷಯ, ಇನ್ನೂ ಏನೇನೋ. ನಾನು ನಡುನಡುವೆ ಪ್ರಶ್ನೆ ಕೇಳಿದೆನಂತೆ, ಒಂದು ಸಲ ಅತ್ತೆನಂತೆ. ಬೆಳಿಗ್ಗೆ ಸ್ಟ್ರೆಚರ್ ಮೇಲೆ ಮಲಗಿಸುವಾಗ ಅಪ್ಪ ನನ್ನ ಕೈ ಹಿಡಿದು ‘ರಾತ್ರಿ ಹೇಳಿದ್ದು ನೆನಪಿರಲಿ’ ಅಂದರು. ನಾನು ‘ಹ್ಞೂಂ’ ಅಂದೆ. ಬಾಗಿಲು ಮುಚ್ಚಿತು. ಆಮೇಲೆ ಹೊರಗಿನ ಕುರ್ಚಿಯಲ್ಲಿ ಕೂತು ಐದಾರು ಗಂಟೆ ಯೋಚಿಸಿದೆ. ಏನು ಹೇಳಿದ್ದರು? ಒಂದು ಪದ ಕೂಡ ಬರಲಿಲ್ಲ. ಮಸುಕಾಗಿಯೂ ಇಲ್ಲ. ಅಲ್ಲಿ ಏನೂ ಇರಲೇ ಇಲ್ಲ.

ಈಗ ಪಾಠ. ಪಾಠ ಅಂದಕೂಡಲೇ ಪುಟ ಮುಚ್ಚಬೇಡಿ, ಸುಲಭವಾಗಿಯೇ ಹೇಳುತ್ತೇನೆ.

ನಮ್ಮ ಕಡೆ ಕೆರೆಗೆ ನೀರುಗಂಟಿ ಅಂತ ಒಬ್ಬರು ಇರುತ್ತಿದ್ದರು. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ನೀರು ಅಂತ ನೋಡುವುದು ಅವರ ಕೆಲಸ. ಮಿದುಳಿನ ನರಕೋಶಗಳ ಗೋಡೆಯಲ್ಲೂ ಇಂಥ ತೂಬುಗಳಿವೆ. ಅಲ್ಲಿಯ ನೀರುಗಂಟಿಯ ಹೆಸರು ಗಾಬಾ, ಮಿದುಳೇ ತಯಾರಿಸುವ ಒಂದು ರಾಸಾಯನಿಕ. ಗಾಬಾ ಬಂದು ಅಂಟಿಕೊಂಡರೆ ತೂಬು ತೆರೆಯುತ್ತದೆ, ಹೊರಗಿರುವ ಕ್ಲೋರೈಡ್ ಒಳಗೆ ಹರಿಯುತ್ತದೆ, ಆ ಕೋಶ ತಣ್ಣಗಾಗುತ್ತದೆ. ತಣ್ಣಗಾಗುವುದು ಅಂದರೆ, ಅದು ಪಕ್ಕದ ಕೋಶಕ್ಕೆ ಸುದ್ದಿ ದಾಟಿಸುವುದು ಕಷ್ಟವಾಗುತ್ತದೆ. ಇದಕ್ಕೆ ಎದುರು ಕೆಲಸ ಮಾಡುವುದು ಗ್ಲುಟಮೇಟ್. ಅದು ಕೋಶಗಳನ್ನು ಎಬ್ಬಿಸುತ್ತದೆ, ಗಾಬಾ ಸುಮ್ಮನಿರಿಸುತ್ತದೆ. ಇನ್ನೊಂದು ಮಜಾ ಅಂದರೆ ಮಿದುಳು ಗಾಬಾವನ್ನು ತಯಾರಿಸುವುದು ಗ್ಲುಟಮೇಟ್‌ನಿಂದಲೇ. ಒಂದೇ ಮನೆಯ ಅಣ್ಣತಮ್ಮಂದಿರು, ಸ್ವಭಾವ ಮಾತ್ರ ತದ್ವಿರುದ್ಧ. ಮಿದುಳಿನ ಹೊರಪದರದಲ್ಲಿ ಸುಮಾರು ಐದು ಕೋಶಕ್ಕೆ ಒಂದು ಕೋಶ ಹೀಗೆ ಸುಮ್ಮನಿರಿಸುವ ಕೆಲಸಕ್ಕೇ ಮೀಸಲು.

ಅಲ್ಪ್ರಜೋಲಮ್, ಲೊರಾಜೆಪಾಮ್, ಡಯಾಜೆಪಾಮ್, ಕ್ಲೊನಾಜೆಪಾಮ್, ಇವೆಲ್ಲ ಬೆಂಜೋಡಯಾಜೆಪೀನ್ ಅನ್ನುವ ಒಂದೇ ಕುಟುಂಬದವು. ನೀವು ‘ಟೆನ್ಷನ್ ಮಾತ್ರೆ’, ‘ನಿದ್ದೆ ಮಾತ್ರೆ’ ಅನ್ನುವುದು ಬಹುಮಟ್ಟಿಗೆ ಇವನ್ನೇ. ಇವು ತಾವೇ ತೂಬು ಎತ್ತುವುದಿಲ್ಲ. ತೂಬಿನ ಪಕ್ಕದಲ್ಲಿ ಇವಕ್ಕೆಂದೇ ಬೇರೆ ಒಂದು ಜಾಗವಿದೆ, ಅಲ್ಲಿ ಹೋಗಿ ಕೂತು ನೀರುಗಂಟಿಗೆ ಕೈಜೋಡಿಸುತ್ತವೆ. ಆಗ ಗಾಬಾ ಅದೇ ತೂಬನ್ನು ಮತ್ತೆ ಮತ್ತೆ, ಜಾಸ್ತಿ ಸಲ ತೆರೆಯುತ್ತದೆ. ಇವಕ್ಕಿಂತ ಹಿಂದೆ ಬಾರ್ಬಿಟುರೇಟ್ ಅನ್ನುವ ನಿದ್ದೆ ಔಷಧಿಗಳಿದ್ದವು. ಅವು ತೂಬನ್ನು ತುಂಬಾ ಹೊತ್ತು ತೆರೆದಿಡುತ್ತಿದ್ದವು, ಡೋಸ್ ಹೆಚ್ಚಾದರೆ ನೀರುಗಂಟಿ ಇಲ್ಲದೆಯೇ ತೆರೆದುಬಿಡುತ್ತಿದ್ದವು. ಹಾಗಾಗಿ ಸ್ವಲ್ಪ ಹೆಚ್ಚು ನುಂಗಿದರೂ ಉಸಿರು ನಿಂತು ಸಾಯುತ್ತಿದ್ದರು. ಅವಕ್ಕೆ ಹೋಲಿಸಿದರೆ ಬೆಂಜೋಡಯಾಜೆಪೀನ್ ಎಷ್ಟೋ ವಾಸಿ. ‘ಏನೂ ಆಗಲ್ಲ’ ಅನ್ನುವ ನಂಬಿಕೆಗೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಆದರೆ ಜೊತೆಗೆ ಎರಡು ಪೆಗ್ ಹೋದರೆ ಲೆಕ್ಕವೇ ಬೇರೆ, ಯಾಕೆಂದರೆ ಮದ್ಯವೂ ಇದೇ ತೂಬುಗಳ ಮೇಲೆ ಕೆಲಸ ಮಾಡುತ್ತದೆ. ನೋವಿಗೆ ಕೊಟ್ಟ ಟ್ರಮಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್, ಇವುಗಳ ಜೊತೆಗೂ ಉಸಿರಾಟ ಕುಸಿಯಬಹುದು. ಅಮೆರಿಕದ ಔಷಧ ಇಲಾಖೆ ಈ ಜೋಡಿಯ ಬಗ್ಗೆ 2016ರಲ್ಲಿ ಔಷಧಿಯ ಮಾಹಿತಿ ಪತ್ರದಲ್ಲಿ ಅತಿ ಕಟುವಾದ ಎಚ್ಚರಿಕೆ ಹಾಕಿಸಿತು. 2020ರಲ್ಲಿ ಚಟ ಮತ್ತು ಅವಲಂಬನೆಯ ಬಗ್ಗೆ ಇನ್ನೊಂದು ಹಾಕಿಸಿತು. ಪರ್ಸಿನಿಂದ ಮಾತ್ರೆ ತೆಗೆಯುವಾಗ ಎದುರಿನವರು ಸಂಜೆ ಏನು ಕುಡಿದಿದ್ದಾರೆ, ಬೇರೆ ಯಾವ ಔಷಧಿ ಮೇಲಿದ್ದಾರೆ ಅಂತ ನೀವು ಕೇಳುತ್ತೀರಾ? ಚಿಕ್ಕಮ್ಮ ನನ್ನನ್ನು ಕೇಳಲಿಲ್ಲ.

ಇನ್ನೊಂದು ಸಂಗತಿ ಕ್ಲಾಸಿನಲ್ಲಿ ಹೇಳಿದಾಗಲೆಲ್ಲ ಮಕ್ಕಳು ಬಾಯಿ ಬಿಡುತ್ತಾರೆ. ಈ ಕುಟುಂಬದ ಮೊದಲ ಔಷಧಿಯನ್ನು ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನ ವಿಜ್ಞಾನಿ 1950ರ ದಶಕದಲ್ಲಿ ಹಾಫ್‌ಮನ್ ಲಾ ರೋಷ್ ಕಂಪನಿಯಲ್ಲಿ ಕಂಡುಹಿಡಿದರು. ಆ ಮೊದಲ ಔಷಧಿ ಲಿಬ್ರಿಯಮ್ ಅನ್ನುವ ಹೆಸರಿನಲ್ಲಿ 1960ರಲ್ಲಿ, ವ್ಯಾಲಿಯಮ್ ಅಂದರೆ ಡಯಾಜೆಪಾಮ್ 1963ರಲ್ಲಿ ಮಾರುಕಟ್ಟೆಗೆ ಬಂತು. ಇವು ಮಿದುಳಿನಲ್ಲಿ ಕೂರುವ ಜಾಗ ಪತ್ತೆಯಾಗಿದ್ದು 1977ರಲ್ಲಿ. ಅಂದರೆ ಹದಿನೇಳು ವರ್ಷ ಕೋಟ್ಯಂತರ ಜನ ಇದನ್ನು ನುಂಗಿದರು, ಅದು ತಲೆಯೊಳಗೆ ಎಲ್ಲಿ ಹೋಗಿ ಕೂರುತ್ತದೆ ಅಂತ ಬರೆದುಕೊಟ್ಟ ಡಾಕ್ಟರಿಗೂ ಗೊತ್ತಿರಲಿಲ್ಲ. ಚಿಕ್ಕಮ್ಮನ ಧೈರ್ಯಕ್ಕೆ ಇತಿಹಾಸವೂ ಇದೆ ನೋಡಿ.

ಸರಿ, ಕಾಯಿಲೆ ಇಲ್ಲದವರ ಮಾತಿಗೆ ಬರೋಣ. ನಿಮ್ಮಲ್ಲಿ ತುಂಬಾ ಜನ ಅಂದುಕೊಂಡಿರುವುದು ಹೀಗೆ: ಗಾಬರಿ ಅಂದರೆ ತಲೆಯಲ್ಲಿ ಏನೋ ಕಡಿಮೆಯಾಗಿದೆ, ಮಾತ್ರೆ ಅದನ್ನು ತುಂಬುತ್ತದೆ, ರಕ್ತ ಕಡಿಮೆಯಾದರೆ ಕಬ್ಬಿಣದ ಮಾತ್ರೆ ಕೊಟ್ಟ ಹಾಗೆ. ನಾಳೆ ಅಪ್ಪನ ಎದೆ ಸೀಳುತ್ತಾರೆ ಅಂತ ನಿದ್ದೆ ಬಾರದೆ ಕೂತಿದ್ದ ನನ್ನ ಮಿದುಳಿನಲ್ಲಿ ಏನೂ ಕಡಿಮೆಯಾಗಿರಲಿಲ್ಲ. ಅದು ಮಾಡಬೇಕಾದ ಕೆಲಸವನ್ನೇ ಮಾಡುತ್ತಿತ್ತು. ಗಾಬಾ, ಗ್ಲುಟಮೇಟ್ ಎರಡೂ ತಮ್ಮ ಜಾಗದಲ್ಲಿದ್ದವು. ಮಾತ್ರೆಗೆ ಕಾಯಿಲೆಯವರು ಯಾರು, ಚೆನ್ನಾಗಿರುವವರು ಯಾರು ಅಂತ ಗೊತ್ತಾಗುವುದಿಲ್ಲ. ಅದು ರಕ್ತದಲ್ಲಿ ಹೋಗಿ ಮಿದುಳಿನ ತುಂಬ ಇರುವ ಅಂಥ ಎಲ್ಲ ತೂಬುಗಳ ಪಕ್ಕದಲ್ಲೂ ಕೂರುತ್ತದೆ. ಭಯದ ಗದ್ದೆಗೆ ಮಾತ್ರ ನೀರು ಬಿಡು ಅಂತ ಹೇಳುವುದಕ್ಕಾಗುವುದಿಲ್ಲ.

ಭಯದ ಗದ್ದೆಗೂ ನೀರು ಹೋಗುತ್ತದೆ, ಅದೂ ನಿಜ. ಅಮಿಗ್ಡಲಾ ಅಂತ ಬಾದಾಮಿ ಆಕಾರದ ಒಂದು ಭಾಗವಿದೆ, ಅಪಾಯದ ವಾಸನೆ ಹಿಡಿಯುವುದು ಅದೇ. ಆರೋಗ್ಯವಂತರಿಗೆ ಲೊರಾಜೆಪಾಮ್ ಕೊಟ್ಟು, ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ, ಸಿಟ್ಟಿನ ಮುಖ ಹೆದರಿದ ಮುಖಗಳನ್ನು ತೋರಿಸಿ ನೋಡಿದ್ದಾರೆ. 2005ರಲ್ಲಿ ಅಮೆರಿಕದಿಂದ ಪ್ರಕಟವಾದ ಅಧ್ಯಯನ ಅದು. ಡೋಸ್ ಏರಿದಂತೆ ಅಮಿಗ್ಡಲಾದ ಚಟುವಟಿಕೆ ಇಳಿಯಿತು. ಅಂದರೆ ಚೆನ್ನಾಗಿರುವವರ ಭಯವನ್ನೂ ಅದು ಇಳಿಸುತ್ತದೆ. ‘ನನಗೆ ಕೆಲಸ ಮಾಡಿತು, ಹಾಗಾದರೆ ನನಗೆ ಕಾಯಿಲೆ ಇತ್ತು’ ಅನ್ನುವ ತರ್ಕ ಇಲ್ಲಿಗೇ ಬಿದ್ದುಹೋಗುತ್ತದೆ, ಅಲ್ವಾ?

ಆದರೆ ಅದೇ ನೀರು ಹಿಪ್ಪೊಕ್ಯಾಂಪಸ್ಸಿಗೂ ಹೋಗುತ್ತದೆ. ಅದು ನೆನಪಿನ ಪಟ್ಟಿ ಬರೆಯುವ ಶಾನುಭೋಗರ ಕೋಣೆ. ಹಳೆಯ ಕಡತಗಳಿಗೆ ಏನೂ ಆಗುವುದಿಲ್ಲ. ನನಗೆ ಆ ರಾತ್ರಿಯೂ ನನ್ನ ಹೆಸರು, ಅಪ್ಪನ ಹೆಸರು, ಎಂಟನೇ ಕ್ಲಾಸಿನ ಪದ್ಯ ಎಲ್ಲ ಗೊತ್ತಿದ್ದಿರಬೇಕು. ಹೊಸದಾಗಿ ಬಂದದ್ದು ಮಾತ್ರ ಬರಹಕ್ಕೆ ಇಳಿಯುವುದಿಲ್ಲ. ಮನುಷ್ಯ ಎದ್ದು ಕೂತಿರುತ್ತಾನೆ, ಸರಿಯಾಗಿ ಉತ್ತರ ಕೊಡುತ್ತಾನೆ, ನೋಡಿದವರಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ, ಆದರೆ ಒಳಗೆ ಶಾನುಭೋಗರು ಪೆನ್ನು ಕೆಳಗಿಟ್ಟು ತೂಕಡಿಸುತ್ತಿರುತ್ತಾರೆ. ಎಂಡೋಸ್ಕೋಪಿಗೆ ಮುಂಚೆ ಇದೇ ಕುಟುಂಬದ ಮಿಡಜೋಲಮ್ ಕೊಡುವುದು ಭಾಗಶಃ ಈ ಗುಣಕ್ಕಾಗಿಯೇ, ಗಂಟಲಿಗೆ ಪೈಪು ಇಳಿಸಿದ್ದು ನೆನಪಿರದಿದ್ದರೆ ರೋಗಿಗೆ ಒಳ್ಳೆಯದೇ. ಅಪ್ಪನ ಮಾತು ನೆನಪಿರದಿದ್ದರೆ? ಆ ಮುಕ್ಕಾಲು ಗಂಟೆಯನ್ನು ಹುಡುಕಿದರೆ ಸಿಗುತ್ತದೆ ಅಂತ ಎಷ್ಟೋ ದಿನ ಅಂದುಕೊಂಡಿದ್ದೆ, ಪಾಠ ಮಾಡುವವಳಾಗಿಯೂ. ಬರೆದೇ ಇಲ್ಲದ ಕಡತವನ್ನು ಎಲ್ಲಿಂದ ಹುಡುಕುವುದು.

ಹಾಸ್ಟೆಲಿನ ಸೀನಿಯರುಗಳೇ, ಇದನ್ನು ನೀವು ಎರಡು ಸಲ ಓದಿ. ವೈವಾ ಹಿಂದಿನ ದಿನ ಜೂನಿಯರಿಗೆ ಅಲ್ಪ್ರಜೋಲಮ್ ಕೊಟ್ಟು ‘ತಣ್ಣಗೆ ಕೂತು ಓದು’ ಅನ್ನುತ್ತೀರಲ್ಲ, ಅವನು ತಣ್ಣಗೇನೋ ಕೂರುತ್ತಾನೆ. ಮಾತ್ರೆ ಏರಿದ ಮೇಲೆ ಓದಿದ್ದು ತಲೆಗೆ ಹತ್ತುವುದು ಕಷ್ಟ. ಅಲ್ಪ್ರಜೋಲಮ್‌ನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು, ಸುಮಾರು 11 ಗಂಟೆ. ರಾತ್ರಿ ಹತ್ತಕ್ಕೆ ನುಂಗಿದರೆ ಬೆಳಿಗ್ಗೆ ಒಂಬತ್ತಕ್ಕೆ ಎಕ್ಸಾಮಿನರ್ ಮುಂದೆ ನಿಂತಾಗ ಅರ್ಧ ಇನ್ನೂ ರಕ್ತದಲ್ಲೇ ಇರುತ್ತದೆ. ಕ್ಲೊನಾಜೆಪಾಮ್ ಆದರೆ 30ರಿಂದ 40 ಗಂಟೆ. ಡಯಾಜೆಪಾಮ್ ಅಂತೂ ದೇಹದಲ್ಲಿ ಒಡೆದು ಇನ್ನೊಂದು ಔಷಧಿಯೇ ಆಗಿ ದಿನಗಟ್ಟಲೆ ಉಳಿದುಕೊಳ್ಳುತ್ತದೆ. ಆ ಹುಡುಗ ಬೆಳಿಗ್ಗೆ ಬೈಕಿನಲ್ಲಿ ಬರುತ್ತಾನೆ ಅನ್ನುವುದೂ ಲೆಕ್ಕಕ್ಕಿರಲಿ. ಎದುರಿಗೆ ನಾಯಿ ಅಡ್ಡ ಬಂದಾಗ ಬ್ರೇಕಿಗೆ ಕಾಲು ಹೋಗುವುದು ತಡವಾಗುತ್ತದೆ, ತಡವಾಗಿದೆ ಅಂತ ಅವನಿಗೆ ಗೊತ್ತೂ ಆಗುವುದಿಲ್ಲ.

ನಿದ್ದೆಯ ಮಾತು ಅರ್ಧ ನಿಜ ಅಂದೆನಲ್ಲ, ಅದು ಹೀಗೆ. ಬೇಗ ಕಣ್ಣು ಹತ್ತುತ್ತದೆ, ನಡುವೆ ಎಚ್ಚರವಾಗುವುದು ಕಡಿಮೆ. ಆದರೆ ತಲೆಗೆ ವೈರು ಅಂಟಿಸಿ ಮಿದುಳಿನ ಅಲೆ ನೋಡಿದರೆ, ಗಾಢ ನಿದ್ದೆಯ ನಿಧಾನ ಅಲೆಗಳು ಕಡಿಮೆಯಾಗಿ ತೆಳು ನಿದ್ದೆ ಉದ್ದವಾಗಿರುತ್ತದೆ. ಬೆಳಿಗ್ಗೆ ಎದ್ದವರು ‘ಆಹಾ, ಎಂಥ ನಿದ್ದೆ’ ಅನ್ನುತ್ತಾರೆ. ನಡುವೆ ಎದ್ದದ್ದು ನೆನಪಿಲ್ಲದಿರುವುದೂ ಅದರಲ್ಲಿ ಸೇರಿದೆಯೋ ಏನೋ, ಹಾಗಂತ ನನಗೆ ಗುಮಾನಿ.

ಅಜ್ಜಿಗೆ ಕೊಡುವವರಿಗೆ ಬೇರೆಯಾಗಿಯೇ ಹೇಳಬೇಕು. ‘ಅಜ್ಜಿ ರಾತ್ರಿಯೆಲ್ಲ ಗೊಣಗುತ್ತಾರೆ, ಅರ್ಧ ಕೊಟ್ಟುಬಿಡಿ’ ಅನ್ನುವ ಮನೆಗಳನ್ನು ನಾನು ಕಂಡಿದ್ದೇನೆ. ದೇಹದ ಸಮತೋಲ ತಪ್ಪದ ಹಾಗೆ ನೋಡಿಕೊಳ್ಳುವ ಕಿರುಮಿದುಳಿನಲ್ಲೂ ಇದೇ ತೂಬುಗಳಿವೆ. ವಯಸ್ಸಾದವರ ದೇಹದಿಂದ ಈ ಮಾತ್ರೆ ಹೊರಹೋಗುವುದೂ ನಿಧಾನ. ರಾತ್ರಿ ಎರಡು ಗಂಟೆಗೆ ಎದ್ದು ಬಚ್ಚಲುಮನೆಗೆ ಹೋಗುವ ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ನಾವು ಬಚ್ಚಲಿನ ಟೈಲ್ಸಿಗೆ ಬೈಯುತ್ತೇವೆ. ಮಾತ್ರೆಯ ನೆನಪು ಯಾರಿಗೂ ಬರುವುದಿಲ್ಲ. ಕೆಲವು ಅಜ್ಜಿಯರು ಇದರಿಂದ ಗೊಂದಲಕ್ಕೊಳಗಾಗಿ, ಮಗನನ್ನು ಗಂಡನ ಹೆಸರಿನಲ್ಲಿ ಕರೆಯಲು ಶುರುಮಾಡಿ, ‘ಅರಳುಮರಳು’ ಅನ್ನಿಸಿಕೊಳ್ಳುತ್ತಾರೆ.

ಇನ್ನು ‘ಒಂದು ದಿನ ತಗೊಂಡರೆ ಏನಾಗುತ್ತೆ’ ಅನ್ನುವವರು. ಒಂದು ದಿನಕ್ಕೆ ನಿಲ್ಲುವುದಾದರೆ ಬಹುಶಃ ಈ ಪತ್ರ ಇಷ್ಟು ಉದ್ದ ಆಗುತ್ತಿರಲಿಲ್ಲ. ಮಿದುಳು ಸುಮ್ನೆ ಕೂರುವ ಗಿರಾಕಿಯಲ್ಲ. ದಿನಾ ರಾತ್ರಿ ತೂಬಿನಲ್ಲಿ ನೀರು ಜಾಸ್ತಿ ಬರುತ್ತಿದೆ ಅಂತ ಗೊತ್ತಾದ ತಕ್ಷಣ ಅದು ತನ್ನ ಕಡೆಯಿಂದ ಸರಿಪಡಿಸಿಕೊಳ್ಳಲು ಹೊರಡುತ್ತದೆ. ತೂಬುಗಳು ಮೊದಲಿನ ಹಾಗೆ ಸ್ಪಂದಿಸುವುದಿಲ್ಲ, ಎಬ್ಬಿಸುವ ಗ್ಲುಟಮೇಟ್ ಕಡೆಯ ಬಲ ಏರುತ್ತದೆ. ಅದೇ ಅರ್ಧ ಮಾತ್ರೆಗೆ ನಿದ್ದೆ ಬರುವುದು ನಿಲ್ಲುತ್ತದೆ, ಒಂದು ಬೇಕಾಗುತ್ತದೆ. ಒಂದು ದಿನ ಸ್ಟ್ರಿಪ್ ಖಾಲಿಯಾಗುತ್ತದೆ. ಆಗ ಸುಮ್ಮನಿರಿಸುವವರು ದುರ್ಬಲ, ಎಬ್ಬಿಸುವವರು ಬಲಶಾಲಿ. ಮೊದಲಿದ್ದಕ್ಕಿಂತ ಜಾಸ್ತಿ ಗಾಬರಿ, ಬೆವರು, ನಡುಕ, ನಿದ್ದೆಯಿಲ್ಲದ ರಾತ್ರಿ, ಕೆಲವರಿಗೆ ಫಿಟ್ಸ್ ಕೂಡ. ತಗೊಂಡವರು ಏನಂದುಕೊಳ್ಳುತ್ತಾರೆ? ‘ನೋಡಿ, ಮಾತ್ರೆ ಬಿಟ್ಟ ತಕ್ಷಣ ಟೆನ್ಷನ್ ವಾಪಸ್ ಬಂತು, ನನಗೆ ಇದು ಬೇಕೇ ಬೇಕು.’ ಮೊದಲು ಕಾಯಿಲೆ ಇಲ್ಲದವರಿಗೆ ಈಗ ಒಂದು ಕಾಯಿಲೆ ಸಿಕ್ಕಿತು. ಅದನ್ನು ಕೊಟ್ಟದ್ದು ಮಾತ್ರೆಯೇ.

ಇದಕ್ಕೆ ವರ್ಷಗಳು ಬೇಕಿಲ್ಲ. ದಿನಾ ತಗೊಂಡರೆ ಕೆಲವೇ ದಿನದಿಂದ ಕೆಲವು ವಾರದೊಳಗೆ ದೇಹ ಇದಕ್ಕೆ ಒಗ್ಗಿಹೋಗಬಹುದು. ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ 2ರಿಂದ 4 ವಾರಕ್ಕಿಂತ ಜಾಸ್ತಿ ಕೊಡಬೇಡಿ ಅಂತ 1988ರಲ್ಲೇ ಹೇಳಿತ್ತು. ಅಲ್ಲಿಯ ನ್ಯೂಕಾಸಲ್‌ನಲ್ಲಿ ಹೆದರ್ ಆಷ್ಟನ್ ಎಂಬ ವೈದ್ಯೆ 1982ರಿಂದ 1994ರವರೆಗೆ ಈ ಮಾತ್ರೆ ಬಿಡಿಸುವುದಕ್ಕೆಂದೇ ಒಂದು ಕ್ಲಿನಿಕ್ ನಡೆಸಿದರು. ಮಾತ್ರೆ ಬಿಡಿಸುವುದಕ್ಕೇ ಹನ್ನೆರಡು ವರ್ಷ ಕ್ಲಿನಿಕ್ ತೆರೆದಿಡಬೇಕಾಯಿತು ಅಂದರೆ ಲೆಕ್ಕ ಹಾಕಿ. ಅವರ ದಾರಿ ಒಂದೇ, ಡೋಸ್ ಇಳಿಸುವುದು ನಿಧಾನ, ತುಂಬಾ ನಿಧಾನ, ಎಷ್ಟೋ ಸಲ ತಿಂಗಳುಗಟ್ಟಲೆ.

ಚಟದ ಮಾತು ಬಂದಿದ್ದಕ್ಕೆ ಒಂದು ಸಣ್ಣ ವಿಷಯ. ಸುಮ್ಮನಿರಿಸುವ ಔಷಧಿ ಖುಷಿ ಹೇಗೆ ಕೊಡುತ್ತದೆ ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಖುಷಿಯ ಜೊತೆ ನಂಟಿರುವ ಡೋಪಮಿನ್ ಅನ್ನುವ ರಾಸಾಯನಿಕವನ್ನು ಬಿಡುಗಡೆ ಮಾಡುವ ಕೋಶಗಳನ್ನು ಕಾಯುವುದಕ್ಕೆ ಕಾವಲು ಕೋಶಗಳಿವೆ. ಮಾತ್ರೆ ಮೊದಲು ಕಾವಲುಗಾರನನ್ನೇ ಮಲಗಿಸುತ್ತದೆ, ಆಗ ಒಳಗಿನವು ಜೋರಾಗುತ್ತವೆ. ಇಲಿಗಳಲ್ಲಿ ಇದನ್ನು ತೋರಿಸಿದ ಅಧ್ಯಯನ 2010ರಲ್ಲಿ ಬಂತು.

ಸ್ಟೇಜ್ ಹತ್ತುವ ಮುಂಚೆ ಪ್ರೊಪ್ರನೊಲಾಲ್ ನುಂಗುವವರೂ ಈಗ ಕಾಣುತ್ತಿದ್ದಾರೆ. ಅದು ಬೇರೆ ಜಾತಿ. ಮುಖ್ಯವಾಗಿ ಅಡ್ರಿನಲಿನ್ ಕೂರುವ ಜಾಗವನ್ನು ತಡೆಯುತ್ತದೆ, ಎದೆ ಢವಢವ ಇಳಿಯುತ್ತದೆ, ಕೈ ನಡುಗುವುದಿಲ್ಲ. ಕೈ ಅಲ್ಲಾಡದಿದ್ದರೆ ಗುರಿ ತಪ್ಪುವುದಿಲ್ಲ ಅಂತ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಪಿಸ್ತೂಲ್ ಸ್ಪರ್ಧಿ ಕಿಮ್ ಜಾಂಗ್ ಸು ಇದನ್ನೇ ತಗೊಂಡು ಸಿಕ್ಕಿಬಿದ್ದು ಎರಡು ಪದಕ ಕಳೆದುಕೊಂಡರು. ಭಾಷಣಕ್ಕೆ ಪದಕ ಕಿತ್ತುಕೊಳ್ಳುವವರು ಯಾರೂ ಇಲ್ಲ, ನಿಜ. ಆದರೆ ಆಸ್ತಮಾ ಇರುವವರಿಗೆ ಇದನ್ನು ಕೊಟ್ಟರೆ ಉಸಿರಿನ ಕೊಳವೆ ಬಿಗಿದುಕೊಳ್ಳುತ್ತದೆ. ಗೆಳತಿಗೆ ಚಿಕ್ಕಂದಿನಲ್ಲಿ ವೀಸಿಂಗ್ ಇತ್ತಾ ಅಂತ ನಿಮಗೆ ಗೊತ್ತಿದೆಯಾ?

ಖಿನ್ನತೆಗೆ ಕೊಡುವ ಎಸ್ಸಿಟಲೊಪ್ರಾಮ್ ಥರದ, ಸೆರೊಟೋನಿನ್ ಅನ್ನುವ ಮಿದುಳಿನ ಇನ್ನೊಂದು ರಾಸಾಯನಿಕದ ಮೇಲೆ ಕೆಲಸ ಮಾಡುವ ಮಾತ್ರೆಗಳ ಕತೆ ಇನ್ನೂ ಬೇರೆ. ಕೇಂಬ್ರಿಜ್ ಮತ್ತು ಕೋಪನ್‌ಹೇಗನ್ ಸಂಶೋಧಕರು ಆರೋಗ್ಯವಂತರಿಗೇ ಇದನ್ನು ಕನಿಷ್ಠ ಮೂರು ವಾರ ಕೊಟ್ಟು ನೋಡಿದರು, 2023ರಲ್ಲಿ ಪ್ರಕಟವಾಯಿತು. ಗಮನ, ನೆನಪು ಹಾಗೇ ಇತ್ತು. ಆದರೆ ಬಹುಮಾನ ಸಿಕ್ಕಾಗ, ತಪ್ಪಾದಾಗ, ಅದರಿಂದ ಕಲಿಯುವ ಸೂಕ್ಷ್ಮ ಮಂದವಾಗಿತ್ತು. ‘ಈ ಮಾತ್ರೆ ತಗೊಂಡರೆ ದುಃಖವೂ ಇಲ್ಲ, ಖುಷಿಯೂ ಇಲ್ಲ’ ಅಂತ ಕೆಲವರು ಹೇಳುವುದಕ್ಕೆ ಇದು ಕಾರಣ ಇರಬಹುದು ಅಂತ ಅವರ ಅಂದಾಜು. ಖಿನ್ನತೆಯಲ್ಲಿ ಮುಳುಗಿದವರಿಗೆ ನೋವು ಮಂದವಾಗುವುದೇ ದಡ. ಚೆನ್ನಾಗಿರುವವರಿಗೆ ಅದು ಯಾತಕ್ಕೆ ಬೇಕು?

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು, ಇಲ್ಲದಿದ್ದರೆ ಈ ಪತ್ರವೇ ಅಪಾಯ ಮಾಡುತ್ತದೆ. ಪ್ಯಾನಿಕ್ ಬಂದು ಮನೆಯಿಂದ ಹೊರಗೆ ಕಾಲಿಡಲಾಗದವರು, ಫಿಟ್ಸ್ ಇರುವವರು, ಕುಡಿತ ಬಿಡುವಾಗ ನಡುಗುತ್ತಿರುವವರು, ಇವರಿಗೆಲ್ಲ ಈ ಮಾತ್ರೆಗಳು ಜೀವ ಉಳಿಸುವ ಔಷಧಿ. ಡಾಕ್ಟರ್ ಬರೆದುಕೊಟ್ಟು ನೀವು ತಗೊಳ್ಳುತ್ತಿದ್ದರೆ ಇದನ್ನು ಓದಿ ನಾಳೆಯೇ ನಿಲ್ಲಿಸಬೇಡಿ. ನಿಲ್ಲಿಸುವುದಿದ್ದರೂ ಅವರ ಕೈಯಲ್ಲೇ, ಸ್ವಲ್ಪ ಸ್ವಲ್ಪವಾಗಿ. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೊಡ್ಡವರಲ್ಲಿ ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ನಮ್ಮ ವಿಚಿತ್ರ ನೋಡಿ. ಬೇಕಾದವರು ‘ಹುಚ್ಚಾಸ್ಪತ್ರೆಗೆ ಹೋದರೆ ಜನ ಏನಂತಾರೆ’ ಅಂತ ಮಾತ್ರೆಯಿಂದ ದೂರ, ಬೇಡದವರಿಗೆ ಮದುವೆ ಮನೆಯಲ್ಲಿ ಪರ್ಸಿನಿಂದ ಹಂಚಿಕೆ.

ಮೆಡಿಕಲ್ ಶಾಪಿನ ಅಣ್ಣಂದಿರೇ, ನಿಮ್ಮಲ್ಲಿ ಕೆಲವರು ನನ್ನ ವಿದ್ಯಾರ್ಥಿಗಳೇ, ಹಾಗಾಗಿ ಸಲಿಗೆಯಿಂದ ಹೇಳುತ್ತೇನೆ. ಅಲ್ಪ್ರಜೋಲಮ್, ಡಯಾಜೆಪಾಮ್ ಎರಡೂ ಷೆಡ್ಯೂಲ್ ಎಚ್1ರಲ್ಲಿವೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಯಲ್ಲಿ. 2014ರ ಮಾರ್ಚ್ 1ರಿಂದ ಈ ನಿಯಮ ಜಾರಿಯಲ್ಲಿದೆ. ಕೆಂಪು ಚೌಕದ ಎಚ್ಚರಿಕೆ ಸ್ಟ್ರಿಪ್ಪಿನ ಮೇಲೇ ಇರುತ್ತದೆ. ಬರೆದುಕೊಟ್ಟ ಡಾಕ್ಟರ್, ರೋಗಿಯ ಹೆಸರು, ಔಷಧಿ, ಎಷ್ಟು ಮಾತ್ರೆ, ಇಷ್ಟೂ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಇದನ್ನು ನಿಮಗೆ ಪರೀಕ್ಷೆಗೆ ಕೇಳಿದ್ದೆ, ನೀವು ಸರಿಯಾಗಿ ಬರೆದೂ ಇದ್ದಿರಿ. ದಿನಾ ಬರುವ ಗಿರಾಕಿ, ಪರಿಚಯದವರು, ಕೊಡದಿದ್ದರೆ ಎದುರಿನ ಅಂಗಡಿಗೆ ಹೋಗುತ್ತಾರೆ, ಎಲ್ಲ ಗೊತ್ತು. ಆದರೂ ನಾಲ್ಕು ಮಾತ್ರೆ ಕತ್ತರಿಸುವಾಗ ಆ ಕೆಂಪು ಚೌಕ ನಿಮ್ಮ ಕೈಯಲ್ಲೇ ಉಳಿಯುತ್ತದೋ, ಗಿರಾಕಿಗೆ ಹೋಗುತ್ತದೋ ನೋಡಿದ್ದೀರಾ? ಬಹಳ ಸಲ ಅದು ನಿಮ್ಮ ಹತ್ತಿರವೇ ಉಳಿದಿರುತ್ತದೆ. ಔಷಧ ಇನ್ಸ್‌ಪೆಕ್ಟರುಗಳು ಅಂಗಡಿಗೆ ಬಂದಾಗ ಲೈಸೆನ್ಸ್ ಮಾತ್ರವಲ್ಲ, ಈ ರಿಜಿಸ್ಟರ್ ತೆಗೆಸಿ, ಬಂದ ಸ್ಟ್ರಿಪ್ ಎಷ್ಟು, ಬರೆದದ್ದೆಷ್ಟು ಅಂತ ಕೂಡಿಸಿ ನೋಡಲಿ ಅನ್ನುವುದು ನನ್ನ ಒಂದೇ ಬೇಡಿಕೆ.

ಡಾಕ್ಟರುಗಳಿಗೂ ಒಂದು ಸಾಲು: ಚೀಟಿಯಲ್ಲಿ ಮಾತ್ರೆ ಶುರುಮಾಡುವ ದಿನ ಬರೆಯುತ್ತೀರಿ, ನಿಲ್ಲಿಸುವ ದಿನವನ್ನೂ ಬರೆಯಿರಿ. ಚಿಕ್ಕಮ್ಮನ ಚೀಟಿ ಆರು ವರ್ಷ ಹಳೆಯದು.

ನಿದ್ದೆ ಬಾರದೆ ಒದ್ದಾಡುವವರಿಗೆ ಹಾಗಾದರೆ ಏನು ಕೊಡೋಣ ಅಂತ ಕೇಳುತ್ತೀರಿ. ಎರಡು ದಿನದ ಗಾಬರಿಗೆ ಕಾರಣ ಇದ್ದರೆ, ಜೊತೆಗೆ ಕೂತುಕೊಳ್ಳಿ. ಅಷ್ಟೇ. ಆ ರಾತ್ರಿ ಚಿಕ್ಕಮ್ಮ ಮಾತ್ರೆ ಕೊಡುವ ಬದಲು ‘ನೀನು ಮಲಗು, ಅಪ್ಪನ ಹತ್ತಿರ ನಾನಿರುತ್ತೇನೆ’ ಅಂದಿದ್ದರೆ ಸಾಕಿತ್ತು. ವಾರಗಟ್ಟಲೆ ಗಾಬರಿ ಇಳಿಯದಿದ್ದರೆ ಅದನ್ನು ನೋಡುವವರ ಹತ್ತಿರ ಕರೆದುಕೊಂಡು ಹೋಗಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಅಂತ ಕ್ಲಿನಿಕ್ ಇದೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ರಾತ್ರಿಯೂ ಇರುತ್ತಾರೆ.

ಚಿಕ್ಕಮ್ಮನಿಗೆ ಈ ಪತ್ರವನ್ನು ಕಳಿಸುವ ಮುಂಚೆಯೇ ಓದಿ ಹೇಳಿದ್ದೇನೆ. ಮುಖ ಸಪ್ಪೆ ಮಾಡಿಕೊಂಡು, ‘ನಿನಗೆ ಒಳ್ಳೆಯದಾಗಲಿ ಅಂತ ಕೊಟ್ಟೆ ಕಣೇ’ ಅಂದರು. ಗೊತ್ತು ಚಿಕ್ಕಮ್ಮ. ಈಗ ಅವರ ಮಾತ್ರೆಯನ್ನು ಡಾಕ್ಟರ್ ಇಳಿಸುತ್ತಿದ್ದಾರೆ, ಕಾಲು ಭಾಗಕ್ಕೆ ಬಂದಿದೆ. ಅದಕ್ಕೇ ಏಳು ತಿಂಗಳು ಹಿಡಿಯಿತು.

ಅಪ್ಪ ಚೆನ್ನಾಗಿದ್ದಾರೆ. ಬೆಳಿಗ್ಗೆ ಎರಡು ಕಿಲೋಮೀಟರ್ ನಡೆಯುತ್ತಾರೆ. ಆ ರಾತ್ರಿ ಏನು ಹೇಳಿದಿರಿ ಅಂತ ಇಲ್ಲಿಯವರೆಗೆ ಮೂರು ಸಲ ಕೇಳಿದ್ದೇನೆ. ಮೊದಲ ಸಲ ತೋಟ ಅಣ್ಣನಿಗೆ, ಮನೆ ನನಗೆ ಅಂದಿದ್ದೆ ಎಂದರು. ಎರಡನೆಯ ಸಲ, ಆಸ್ತಿ ವಿಷಯವೇ ಬರಲಿಲ್ಲ, ಬರೀ ಅಮ್ಮನ ಬಗ್ಗೆ ಮಾತಾಡಿದ್ದು ಎಂದರು. ಮೂರನೆಯ ಸಲ ನಗಾಡಿ, ‘ಅವತ್ತು ಹೇಳಿಯಾಗಿದೆ, ಮತ್ತೆ ಮತ್ತೆ ಹೇಳೋಕೆ ಅದೇನು ಹರಿಕಥೆಯಾ’ ಎಂದು ಪೇಪರ್ ಎತ್ತಿಕೊಂಡರು.